ಓದುಗರ ಪ್ರಶ್ನೆ: ಕೆ ಎಷ್ಟು ಹಾಕಬೇಕು ಸರ್?

ಸರ್ಕ್ಯೂಟ್ ಸಿಮ್ಯುಲೇಶನ್ (ಸರ್ಕ್ಯೂಟನ್ನು ಕಂಪ್ಯೂಟರಿನಲ್ಲೇ ಓಡಿಸಿ ನೋಡೋದು) ಬಗ್ಗೆ ಏನಾದರೂ ಕೇಳಿ ಅಂತ ಹಿಂದಿನ ಸಂಚಿಕೆಯಲ್ಲಿ ಬರೆದಿದ್ದೆ. ಕೇಳಿದ್ದೀರಿ. ಆದರೆ ಬಂದ ಪತ್ರಗಳಲ್ಲಿ ಅರ್ಧಕ್ಕೂ ಜಾಸ್ತಿ ಒಂದೇ ವಿಷಯದ್ದು: ಒಂದೇ ಕೋರ್ ಮೇಲೆ ಸುತ್ತಿದ ಎರಡು ಮೂರು ಕಾಯಿಲ್‌ಗಳನ್ನು ಕಂಪ್ಯೂಟರಿನಲ್ಲಿ ಕೂರಿಸೋದು ಹೇಗೆ? ಹಾಗಾಗಿ ಈ ಸಲ ಬರೀ ಅದೇ. ತಲೆಬರಹದ ಕೆ ಅಂದರೆ ಆ ಕಾಯಿಲ್‌ಗಳು ಒಂದಕ್ಕೊಂದು ಎಷ್ಟು ಗಟ್ಟಿಯಾಗಿ ಜೋಡಿಯಾಗಿವೆ ಅಂತ ಹೇಳುವ ಅಂಕಿ, ಪೂರ್ತಿ ಜೋಡಿಯಾದರೆ 1. ಕಮಾಂಡುಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಅಚ್ಚು ಹಾಕಿದ್ದೇವೆ, ಟೈಪ್ ಮಾಡುವಾಗ ನೀವು ಇಂಗ್ಲಿಷ್ ಅಕ್ಷರ ಹಾಕಿಕೊಳ್ಳಿ.

ಪ್ರಶ್ನೆ: ಸರ್, ಎಲ್‌ಟಿಸ್ಪೈಸ್‌ನಲ್ಲಿ 230 ವೋಲ್ಟನ್ನು 12ಕ್ಕೆ ಇಳಿಸುವ ಟ್ರಾನ್ಸ್‌ಫಾರ್ಮರ್ ಮಾಡಬೇಕಿತ್ತು. ಎರಡು ಇಂಡಕ್ಟರ್ ಹಾಕಿ, ಅನುಪಾತ 19.2 ಬರುತ್ತದಲ್ಲ ಅಂತ ಪ್ರೈಮರಿಗೆ 19.2 ಹೆನ್ರಿ, ಸೆಕೆಂಡರಿಗೆ 1 ಹೆನ್ರಿ ಕೊಟ್ಟೆ. ಸೆಕೆಂಡರಿಯಲ್ಲಿ 52 ವೋಲ್ಟ್ ತೋರಿಸುತ್ತಿದೆ. ಸಾಫ್ಟ್‌ವೇರ್ ಕೆಟ್ಟಿದೆಯಾ?
(ಇಂಜಿನಿಯರಿಂಗ್ ವಿದ್ಯಾರ್ಥಿ, ಹಾಸನ)

ಉತ್ತರ: ಸಾಫ್ಟ್‌ವೇರ್ ಚೆನ್ನಾಗಿಯೇ ಇದೆ. ನೀವು ಎರಡು ತಪ್ಪು ಮಾಡಿದ್ದೀರಿ, ಆ ಎರಡೂ ಸೇರಿಯೇ ಈ 52 ಬಂದಿರೋದು.

ಮೊದಲನೆಯದು. 19.2 ಅನ್ನೋದು ಸುತ್ತುಗಳ ಅನುಪಾತ, ಇಂಡಕ್ಟೆನ್ಸ್‌ನದ್ದಲ್ಲ. ಇಂಡಕ್ಟೆನ್ಸ್ ಏರೋದು ಸುತ್ತಿನ ವರ್ಗದ ಲೆಕ್ಕದಲ್ಲಿ. ಯಾಕೆ ಅಂದರೆ, ಸುತ್ತು ಎರಡು ಪಟ್ಟಾದರೆ ಅದೇ ಕರೆಂಟಿಗೆ ಕೋರ್‌ನಲ್ಲಿ ಎರಡು ಪಟ್ಟು ಫ್ಲಕ್ಸ್ ಹುಟ್ಟುತ್ತದೆ, ಆ ಎರಡು ಪಟ್ಟು ಫ್ಲಕ್ಸನ್ನು ಹಿಡಿಯೋಕೆ ಎರಡು ಪಟ್ಟು ಸುತ್ತುಗಳೂ ಕಾಯುತ್ತಾ ಇರುತ್ತವೆ, ಒಟ್ಟು ನಾಲ್ಕು ಪಟ್ಟು. ಹಾಗಾಗಿ ನಿಮಗೆ ಬೇಕಾದ ಇಂಡಕ್ಟೆನ್ಸ್ ಅನುಪಾತ 230/12ರ ವರ್ಗ, ಸುಮಾರು 367. ಪ್ರೈಮರಿ 10 ಹೆನ್ರಿ ಇಟ್ಟರೆ ಸೆಕೆಂಡರಿ 27.2 ಮಿಲಿಹೆನ್ರಿ. ನೀವು ಬರೀ 19.2 ಕೊಟ್ಟಿದ್ದಕ್ಕೆ ಪ್ರೋಗ್ರಾಂ ಅದರ ವರ್ಗಮೂಲ ತೆಗೆದು 4.38 ಸುತ್ತಿನ ಅನುಪಾತ ಅಂದುಕೊಂಡಿತು. 230ನ್ನು 4.38ರಿಂದ ಭಾಗಿಸಿ ನೋಡಿ, 52 ಬರುತ್ತದೆ.

ಎರಡನೆಯದು. ಸೈನ್ ಸೋರ್ಸ್‌ಗೆ ಕೊಡಬೇಕಾದ್ದು ಪೀಕ್ (ಅಲೆಯ ತುತ್ತತುದಿ), ಆರ್‌ಎಂಎಸ್ (ಮಾಮೂಲಿ ಮೀಟರ್ ತೋರಿಸುವ ಅಳತೆ) ಅಲ್ಲ. ಮನೆಯ 230 ವೋಲ್ಟ್ ಅಂದರೆ ಪೀಕ್ 325. ಸರಿ ಮಾಡಿದ ಮೇಲೆ ಸೆಕೆಂಡರಿಯಲ್ಲಿ 17 ವೋಲ್ಟ್ ಪೀಕ್ ಕಂಡರೆ ಗಾಬರಿ ಬೇಡ, ಅದೇ 12 ವೋಲ್ಟ್ ಆರ್‌ಎಂಎಸ್.

ಇನ್ನು ಎರಡು ಇಂಡಕ್ಟರನ್ನು ಒಂದು ಟ್ರಾನ್ಸ್‌ಫಾರ್ಮರ್ ಮಾಡೋದು ಹಾಳೆಯ ಮೇಲೆ ಬರೆಯುವ ಒಂದೇ ಸಾಲು: ಕೆ1 ಎಲ್1 ಎಲ್2 1. ಕೆ1 ಆ ಸಾಲಿನ ಹೆಸರು, ಎಲ್1 ಎಲ್2 ನಿಮ್ಮ ಎರಡು ಇಂಡಕ್ಟರ್, ಕೊನೆಯ 1 ಕೆಯ ಬೆಲೆ. ಅದನ್ನು ಕಾಮೆಂಟ್ ಆಗಿ ಅಲ್ಲ, ಸ್ಪೈಸ್ ಡೈರೆಕ್ಟಿವ್ (ಪ್ರೋಗ್ರಾಂಗೆ ಕೊಡುವ ಆದೇಶ) ಆಗಿ ಹಾಕಬೇಕು. ಕಾಮೆಂಟ್ ಆಗಿ ಹಾಕಿ ಇಡೀ ಸಂಜೆ ತಲೆ ಕೆರೆದುಕೊಂಡವರನ್ನು ನೋಡಿದ್ದೇನೆ. ಸಾಲು ಸರಿಯಾಗಿ ಕೂತಿದ್ದರೆ ಇಂಡಕ್ಟರ್‌ಗಳ ಒಂದು ತುದಿಯಲ್ಲಿ ಚಿಕ್ಕ ಚುಕ್ಕಿ ಮೂಡುತ್ತದೆ, ಅದೇ ಗುರುತು.

ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಸಿಗುವ, ಸೆಕೆಂಡರಿಯ ಮಧ್ಯದಿಂದಲೂ ತಂತಿ ಹೊರಬಂದಿರುವ 12-0-12 ಟ್ರಾನ್ಸ್‌ಫಾರ್ಮರ್ ಬೇಕಿದ್ದರೆ 27.2ರ ಇನ್ನೊಂದು ಇಂಡಕ್ಟರ್ ಸೇರಿಸಿ, ಕೆ1 ಎಲ್1 ಎಲ್2 ಎಲ್3 1 ಅನ್ನಿ. ಇಲ್ಲೊಂದು ತಮಾಷೆ ನೋಡಿ. ಸೆಕೆಂಡರಿಯ ಎರಡು ತುದಿಗಳ ನಡುವಿನ ಇಂಡಕ್ಟೆನ್ಸ್ 27.2ರ ಎರಡು ಪಟ್ಟಲ್ಲ, ನಾಲ್ಕು ಪಟ್ಟು, 108.8. ಸುತ್ತು ಎರಡು ಪಟ್ಟಾಯಿತಲ್ಲ, ಮತ್ತದೇ ವರ್ಗದ ಲೆಕ್ಕ.

ಪ್ರಶ್ನೆ: ಟ್ರಾನ್ಸ್‌ಫಾರ್ಮರ್ ಪ್ರೈಮರಿಯನ್ನು ವೋಲ್ಟೇಜ್ ಸೋರ್ಸ್‌ಗೆ ಕೊಟ್ಟಿದ್ದೆ. ಕೆ ಸಾಲು ಹಾಕುವ ಮೊದಲು ಸುಮ್ನೆ ಓಡುತ್ತಿತ್ತು, ಹಾಕಿದ ಕೂಡಲೇ ಸೋರ್ಸ್ ಮತ್ತು ಇಂಡಕ್ಟರ್ ಲೂಪ್ ಆಗಿದೆ ಅಂತ ನಿಂತುಬಿಡುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಟಾಲರೆನ್ಸ್ ಎಲ್ಲ ಬದಲಾಯಿಸಿ ನೋಡಿದೆ, ಪ್ರಯೋಜನ ಆಗಲಿಲ್ಲ.
(ರಿಪೇರಿ ಅಂಗಡಿ, ತುಮಕೂರು)

ಉತ್ತರ: ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಹಾಕಿದ ಹಾಗಾಯಿತು. ಟಾಲರೆನ್ಸ್ ಎಲ್ಲ ಮೊದಲಿದ್ದ ಹಾಗೆ ಇಟ್ಟುಬಿಡಿ.

ಎಲ್‌ಟಿಸ್ಪೈಸ್ ಪ್ರತಿ ಇಂಡಕ್ಟರ್‌ಗೂ ನಿಮಗೆ ಹೇಳದೆ ಕೇಳದೆ 1 ಮಿಲಿಓಮ್ ಸೀರೀಸ್ ರೆಸಿಸ್ಟೆನ್ಸ್ ಸೇರಿಸಿಕೊಳ್ಳುತ್ತದೆ. ಆದರೆ ಕೆ ಸಾಲಿನಲ್ಲಿ ಹೆಸರು ಬಂದ ಇಂಡಕ್ಟರ್‌ಗೆ ಆ ಉಪಕಾರ ಇಲ್ಲ. ಕೆ ಹಾಕಿದ ಕೂಡಲೇ ನಿಮ್ಮ ಕಾಯಿಲ್ ಸೊನ್ನೆ ಓಮ್ ಆಯಿತು, ಸೊನ್ನೆ ಓಮ್ ಸೋರ್ಸ್‌ಗೆ ಸೊನ್ನೆ ಓಮ್ ಕಾಯಿಲ್ ಕಟ್ಟಿದರೆ ಡಿಸಿಯಲ್ಲಿ ಕರೆಂಟ್ ಎಷ್ಟು ಅಂತ ಯಾರು ಹೇಳೋದು? ಮಲ್ಟಿಮೀಟರ್ ಕೈಯಲ್ಲೇ ಇದೆಯಲ್ಲ, ನಿಜವಾದ ಟ್ರಾನ್ಸ್‌ಫಾರ್ಮರಿನ ಎರಡೂ ವೈಂಡಿಂಗ್‌ಗಳ ಓಮ್ ಅಳೆದು ಆರ್‌ಸೀರ್ (ಸೀರೀಸ್ ರೆಸಿಸ್ಟೆನ್ಸ್) ಜಾಗದಲ್ಲಿ ತುಂಬಿ. ತೊಂದರೆ ಹೋಗುತ್ತದೆ, ಲೋಡ್ ಹಾಕಿದಾಗ ವೋಲ್ಟೇಜ್ ಇಳಿಯೋದೂ ನಿಜಕ್ಕೆ ಹತ್ತಿರ ಬರುತ್ತದೆ.

ಇದರ ಜೊತೆ ಬರುವ ಇನ್ನೊಂದು ಕಾಟವನ್ನೂ ಹೇಳಿಬಿಡುತ್ತೇನೆ. ಸೆಕೆಂಡರಿ ಕಡೆ ಎಲ್ಲೂ ಗ್ರೌಂಡ್ ಇಲ್ಲದಿದ್ದರೆ ಆ ಭಾಗ ಗಾಳಿಯಲ್ಲಿ ತೇಲುತ್ತದೆ, ಅದರ ವೋಲ್ಟೇಜ್ ಯಾವುದಕ್ಕೆ ಹೋಲಿಸಿ ಹೇಳಬೇಕು ಅಂತ ಪ್ರೋಗ್ರಾಂಗೆ ತಿಳಿಯಲ್ಲ. ಎರಡೂ ಕಡೆಯ ಗ್ರೌಂಡ್ ಮಧ್ಯೆ ದೊಡ್ಡದೊಂದು ರೆಸಿಸ್ಟರ್ ಹಾಕಿ, 10 ಮೆಗಾಓಮ್ ಸಾಕು. ಮೆಗಾ ಅಂತ ಬರೆಯುವಾಗ ಹುಷಾರು. 10ರ ಮುಂದೆ ಬರೀ ಎಂ ಹಾಕಿದರೆ ಅದು 10 ಮಿಲಿಓಮ್, ಅಂದರೆ ಹೆಚ್ಚೂಕಡಿಮೆ ತಂತಿಯೇ. ದೊಡ್ಡಕ್ಷರ ಸಣ್ಣಕ್ಷರದ ಭೇದ ಇವೆಲ್ಲದರ ಮೂಲ ಪ್ರೋಗ್ರಾಂ ಆದ ಸ್ಪೈಸ್‌ಗೆ ಇಲ್ಲ. 1970ರ ದಶಕದಲ್ಲಿ ಬರ್ಕ್ಲಿಯಲ್ಲಿ ಲಾರೆನ್ಸ್ ನೇಗಲ್ ಅದನ್ನು ಬರೆದದ್ದು ಪಂಚ್ ಕಾರ್ಡ್ ಕಾಲದಲ್ಲಿ, ಆ ಗುಣ ಇವತ್ತಿಗೂ ಬಿಟ್ಟಿಲ್ಲ. ಮೆಗಾಗೆ ಎಂ ಇ ಜಿ ಅಂತ ಮೂರೂ ಅಕ್ಷರ ಬರೆಯಿರಿ.

ಪ್ರಶ್ನೆ: 12 ವೋಲ್ಟ್ ಫ್ಲೈಬ್ಯಾಕ್ ಸಪ್ಲೈ (ಮಾಸ್ಫೆಟ್ ಸ್ವಿಚ್ ಆಫ್ ಆದಾಗ ಟ್ರಾನ್ಸ್‌ಫಾರ್ಮರಿನಲ್ಲಿ ಕೂಡಿಟ್ಟ ಶಕ್ತಿ ಸೆಕೆಂಡರಿಗೆ ಹೋಗುವ ಥರದ್ದು) ಮಾಡಿದ್ದೇನೆ. ಸಿಮ್ಯುಲೇಶನ್‌ನಲ್ಲಿ ಮಾಸ್ಫೆಟ್ ಮೇಲೆ ಜಾಸ್ತಿ ಅಂದರೆ 425 ವೋಲ್ಟ್. ಅದಕ್ಕೇ 600 ವೋಲ್ಟಿನ ಮಾಸ್ಫೆಟ್ ಹಾಕಿದೆ. ಬೋರ್ಡಿನಲ್ಲಿ ಮೂರು ಸುಟ್ಟವು. ಕೆ 1 ಇಟ್ಟಿದ್ದೇನೆ, ಅದು ತಪ್ಪೇ? ಎಷ್ಟು ಹಾಕಬೇಕು ಸರ್?
(ಹವ್ಯಾಸಿ, ಮೈಸೂರು)

ಉತ್ತರ: ಮೂರಕ್ಕೇ ನಿಲ್ಲಿಸಿದ್ದೀರಿ, ಪುಣ್ಯ. ನಾನು ಹಿಂದೆ ಒಂದು ಸಣ್ಣ ಕಂಪನಿಯ ಬೆಂಚಿನಲ್ಲಿ ಕೂತು ಐದು ಸುಟ್ಟ ಮೇಲೆ ಸ್ಕೋಪ್ ಪ್ರೋಬ್ ಹಚ್ಚಿದವನು. ಅಲ್ಲಿಯವರೆಗೂ ನನ್ನ ಸ್ಕ್ರೀನಿನಲ್ಲಿ ಅಲೆಗಳೆಲ್ಲ ಇಸ್ತ್ರಿ ಮಾಡಿದ ಪಂಚೆಯ ಹಾಗೆ ನೀಟಾಗಿದ್ದವು. ಆಗ ನಾನು ಹಾಕಿದ್ದೂ 1.

ಕೆ 1 ಅಂದರೆ ಪ್ರೈಮರಿಯಲ್ಲಿ ಹುಟ್ಟಿದ ಫ್ಲಕ್ಸ್ ಒಂದು ಚೂರೂ ಆಚೀಚೆ ಹೋಗದೆ ಪೂರ್ತಿ ಸೆಕೆಂಡರಿಗೆ ತಲುಪುತ್ತದೆ ಅಂತ. ನಿಜವಾದ ಕಾಯಿಲ್‌ಗಳ ಮಧ್ಯೆ ಟೇಪ್ ಇರುತ್ತದೆ, ಜಾಗ ಇರುತ್ತದೆ. ಸ್ವಲ್ಪ ಫ್ಲಕ್ಸ್ ಪ್ರೈಮರಿಯ ಸುತ್ತಲೇ ತಿರುಗಾಡಿ ವಾಪಸ್ ಬರುತ್ತದೆ. ಅದೇ ಲೀಕೇಜ್ ಇಂಡಕ್ಟೆನ್ಸ್. ಮಾಸ್ಫೆಟ್ ಆಫ್ ಆದಾಗ ಅದರಲ್ಲಿ ಕೂತಿದ್ದ ಕರೆಂಟಿಗೆ ಸೆಕೆಂಡರಿಗೆ ಹೋಗುವ ದಾರಿ ಇಲ್ಲ. ಮಾಸ್ಫೆಟ್ ಡ್ರೇನ್‌ನಲ್ಲಿರುವ ಪುಟಾಣಿ ಕೆಪಾಸಿಟೆನ್ಸನ್ನೇ ತುಂಬಿಸುತ್ತಾ ಹೋಗುತ್ತದೆ.

ನಿಮ್ಮ ಅಂಕಿಗಳನ್ನೇ ತೆಗೆದುಕೊಳ್ಳೋಣ. ಪ್ರೈಮರಿ 500 ಮೈಕ್ರೋಹೆನ್ರಿ, ಸುತ್ತು 8ಕ್ಕೆ 1, ಆಫ್ ಆಗುವಾಗ ಕರೆಂಟ್ 1 ಆಂಪಿಯರ್ ಅಂತ ಬರೆದಿದ್ದೀರಿ. ಇನ್‌ಪುಟ್ ಡಿಸಿ 325. ಸೆಕೆಂಡರಿಯ 12 ವೋಲ್ಟ್, ಡಯೋಡಿನ 0.7, ಎರಡೂ ಸೇರಿ 8ರಿಂದ ಗುಣಿಸಿ ಪ್ರೈಮರಿಗೆ ವಾಪಸ್ ಕಾಣೋದು ಸುಮಾರು 100. ಒಟ್ಟು 425, ನಿಮ್ಮ ಸಿಮ್ಯುಲೇಶನ್ ಹೇಳಿದ್ದೂ ಅಷ್ಟೇ. ಈಗ ಲೀಕೇಜ್ 10 ಮೈಕ್ರೋಹೆನ್ರಿ ಅಂತ ಇಟ್ಟುಕೊಳ್ಳಿ, ಪ್ರೈಮರಿಯ ಬರೀ 2 ಪರ್ಸೆಂಟ್. ಡ್ರೇನ್‌ನಲ್ಲಿ 100 ಪೈಕೋಫ್ಯಾರಡ್. ಇವೆರಡರ ಮೇಲೆ ಏಳುವ ಸ್ಪೈಕ್ ಎಷ್ಟು ಅಂದರೆ, ಕರೆಂಟಿಗೆ ಎಲ್ ಭಾಗಿಸು ಸಿ ಇದರ ವರ್ಗಮೂಲ ಗುಣಿಸಬೇಕು. 316 ವೋಲ್ಟ್! 425ಕ್ಕೆ 316 ಕೂಡಿಸಿದರೆ 741. ನಿಮ್ಮ 600ರ ಮಾಸ್ಫೆಟ್ ಸುಡದೆ ಇನ್ನೇನು ಮಾಡುತ್ತದೆ ಹೇಳಿ.

ಕೆ ಎಷ್ಟು ಅಂತ ನನ್ನನ್ನು ಕೇಳಬೇಡಿ, ಟ್ರಾನ್ಸ್‌ಫಾರ್ಮರನ್ನು ಕೇಳಿ. ಇಂಡಕ್ಟೆನ್ಸ್ ಅಳೆಯುವ ಎಲ್‌ಸಿಆರ್ ಮೀಟರ್ ಬೇಕು. ಸೆಕೆಂಡರಿ ತೆರೆದಿಟ್ಟು ಪ್ರೈಮರಿ ಅಳೆಯಿರಿ, 500 ಬಂತು ಅನ್ನಿ. ಆಮೇಲೆ ಸೆಕೆಂಡರಿಯ ಎರಡು ಪಿನ್ನುಗಳನ್ನು ದಪ್ಪ, ಗಿಡ್ಡ ತಂತಿಯಿಂದ ಶಾರ್ಟ್ ಮಾಡಿ, ಸಾಧ್ಯವಾದರೆ ಬೆಸುಗೆ ಹಾಕಿಬಿಡಿ, ಮೊಸಳೆ ಕ್ಲಿಪ್ಪಿನ ಉದ್ದ ವೈರ್ ಹಾಕಿದರೆ ಅದರ ಇಂಡಕ್ಟೆನ್ಸ್ ಪ್ರೈಮರಿ ಕಡೆಯಿಂದ 64 ಪಟ್ಟಾಗಿ ಕಂಡು ಲೆಕ್ಕವೆಲ್ಲ ಕೆಡುತ್ತದೆ. ಮತ್ತೆ ಪ್ರೈಮರಿ ಅಳೆಯಿರಿ. 10 ಬಂದರೆ ಅದೇ ಲೀಕೇಜ್. ಕೆ ಅಂದರೆ 1ರಿಂದ 10/500 ಕಳೆದು ವರ್ಗಮೂಲ: 0.98ರ ವರ್ಗಮೂಲ, ಅಂದರೆ 0.98995. ಇದನ್ನು 0.99 ಅಂತ ಬರೆಯಬಹುದು. ಆದರೆ 1 ಅಂತ ಮಾತ್ರ ಬರೆಯಬೇಡಿ, ಆ ಒಂದು ಪರ್ಸೆಂಟಿನಲ್ಲೇ ನಿಮ್ಮ ಮೂರು ಮಾಸ್ಫೆಟ್ ಹೋಗಿರೋದು.

ಇಲ್ಲೂ ವರ್ಗ ಇದೆ ಅನ್ನೋದು ನೆನಪಿರಲಿ. ಕೆ 0.9 ಅಂದರೆ ಲೀಕೇಜ್ 10 ಪರ್ಸೆಂಟ್ ಅಂತ ಜನ ಅಂದುಕೊಳ್ಳುತ್ತಾರೆ, ಅದು 19.

ಕೆ ಬದಲಿಸಿದ ಮೇಲೆ ಡ್ರೇನ್‌ಗೆ ಆ 100 ಪೈಕೋವನ್ನೂ ಹಾಕಿ, ಸಿಮ್ಯುಲೇಶನ್‌ನ ಗರಿಷ್ಠ ಟೈಮ್‌ಸ್ಟೆಪ್ ಇಳಿಸಿ. ಈ ಎರಡರ ರಿಂಗಿಂಗ್ 5 ಮೆಗಾಹರ್ಟ್ಸ್ ಹತ್ತಿರ, ಒಂದು ಸುತ್ತಿಗೆ 200 ನ್ಯಾನೋಸೆಕೆಂಡ್. ಸ್ಟೆಪ್ 5 ನ್ಯಾನೋಸೆಕೆಂಡ್ ಇಡಿ, ನಿಧಾನ ಓಡುತ್ತದೆ, ಓಡಲಿ, ಕಾಫಿ ಕುಡಿದು ಬನ್ನಿ. ಸ್ಪೈಕ್ ಕಣ್ಣಿಗೆ ಬಿದ್ದ ಮೇಲೆ ಅದನ್ನು ತಡೆಯುವ ಕ್ಲ್ಯಾಂಪ್ ಕೂರಿಸೋದು ಸುಲಭ. ಲೀಕೇಜ್‌ನಲ್ಲಿರುವ ಶಕ್ತಿ ಪ್ರತಿ ಸಲಕ್ಕೆ 5 ಮೈಕ್ರೋಜೂಲ್, 65 ಕಿಲೋಹರ್ಟ್ಸ್‌ನಲ್ಲಿ ಸ್ವಿಚ್ ಮಾಡಿದರೆ ಅದು ಸುಮಾರು 0.33 ವಾಟ್. ಅದರ ಜೊತೆಗೆ ಕ್ಲ್ಯಾಂಪ್ ಹಿಡಿದಿರುವಷ್ಟು ಹೊತ್ತು ಮುಖ್ಯ ಶಕ್ತಿಯೂ ಒಂದಿಷ್ಟು ಅಲ್ಲಿಗೇ ಸೋರುತ್ತದೆ. ಆದ್ದರಿಂದ ಕ್ಲ್ಯಾಂಪ್ ರೆಸಿಸ್ಟರ್ 1 ವಾಟಿನದ್ದಾದರೂ ಇರಲಿ, ಆಮೇಲೆ ಸಿಮ್ಯುಲೇಶನ್‌ನಲ್ಲೇ ಅದರ ಮೇಲಿನ ಸರಾಸರಿ ವಾಟ್ ನೋಡಿ ಬೇಕಿದ್ದರೆ ದೊಡ್ಡದು ಹಾಕಿ. ಹಾಂ, ಫ್ಲೈಬ್ಯಾಕ್ ಅಂದಮೇಲೆ ಎರಡು ಚುಕ್ಕಿ ಎದುರುಬದುರು ಇರಬೇಕು. ನಿಮ್ಮ ಚಿತ್ರದಲ್ಲಿ ಸರಿಯಾಗೇ ಇದೆ.

ಪ್ರಶ್ನೆ: ನಮ್ಮ ಕಾಲೇಜಿನಲ್ಲಿ ಈಸಿಮ್ ಬಳಸುತ್ತೇವೆ. ಮೂರು ವೈಂಡಿಂಗ್ ಟ್ರಾನ್ಸ್‌ಫಾರ್ಮರಿಗೆ ಒಂದೇ ಕೆ ಸಾಲು ಬರೆದರೆ ಎರರ್ ಬರುತ್ತದೆ. ಅದಕ್ಕೆ 1-2ಕ್ಕೆ 0.99, 2-3ಕ್ಕೆ 0.99 ಕೊಟ್ಟು, 1 ಮತ್ತು 3 ದೂರ ಇವೆಯಲ್ಲ ಅಂತ 0.5 ಕೊಟ್ಟೆ. ಅಲೆ ದೊಡ್ಡದಾಗುತ್ತಾ ಹೋಗಿ ಹಾರಿಹೋಯಿತು.
(ಉಪನ್ಯಾಸಕಿ, ಹುಬ್ಬಳ್ಳಿ)

ಉತ್ತರ: ಮೇಡಂ, ಐಐಟಿ ಬಾಂಬೆಯವರ ಈಸಿಮ್ ಒಳಗೆ ಓಡೋದು ಎನ್‌ಜಿಸ್ಪೈಸ್ ಅನ್ನುವ ಇನ್ನೊಂದು ಸ್ಪೈಸ್. ಅಲ್ಲಿ ಒಂದು ಕೆ ಸಾಲಿಗೆ ಎರಡೇ ಇಂಡಕ್ಟರ್, ಹಾಗಾಗಿ ಮೂರು ವೈಂಡಿಂಗಿಗೆ ಮೂರು ಸಾಲು, ನಾಲ್ಕಾದರೆ ಆರು. ಅಷ್ಟರ ಮಟ್ಟಿಗೆ ನೀವು ಮಾಡಿದ್ದು ಸರಿ.

ಅಂಕಿ ಸರಿಯಿಲ್ಲ. ಒಂದನೆಯದು ಎರಡನೆಯದಕ್ಕೆ ಅಂಟಿಕೊಂಡಿದೆ, ಎರಡನೆಯದು ಮೂರನೆಯದಕ್ಕೆ ಅಂಟಿಕೊಂಡಿದೆ, ಆದರೆ ಒಂದು ಮತ್ತು ಮೂರಕ್ಕೆ ಅಷ್ಟಕ್ಕಷ್ಟೇ ಅಂದರೆ ಹೇಗೆ? ಹಾಗಿರುವ ಕಾಯಿಲ್ ಯಾರಿಂದಲೂ ಸುತ್ತೋಕೆ ಆಗಲ್ಲ. ಲೆಕ್ಕ ಹೀಗಿದೆ: ಮೂರು ಕೆಗಳನ್ನು ಗುಣಿಸಿ ಎರಡು ಪಟ್ಟು ಮಾಡಿ, 1 ಕೂಡಿಸಿ, ಅದರಿಂದ ಮೂರರ ವರ್ಗಗಳನ್ನೂ ಕಳೆಯಿರಿ. ಉತ್ತರ ಸೊನ್ನೆಗಿಂತ ಕಡಿಮೆ ಬರಕೂಡದು. ನಿಮ್ಮದಕ್ಕೆ ಮೈನಸ್ 0.23 ಬರುತ್ತದೆ. ಮೈನಸ್ ಅಂದರೆ ಕಾಯಿಲ್‌ನಲ್ಲಿ ಕೂಡಿಟ್ಟ ಶಕ್ತಿಯೇ ಮೈನಸ್ ಆಗಬಹುದು ಅಂತ, ಆಗ ಟ್ರಾನ್ಸ್‌ಫಾರ್ಮರ್ ಎಲ್ಲಿಂದಲೋ ಶಕ್ತಿ ತಂದು ಸುರಿಯುತ್ತದೆ, ಅಲೆ ಹಾರದೆ ಇರುತ್ತದಾ? ಬೆಸ್ಕಾಂನವರಿಗೆ ಗೊತ್ತಾದರೆ ಎರಡು ಆರ್ಡರ್ ಕೊಡುತ್ತಾರೆ. ಎರಡು ಕೆ 0.99 ಇದ್ದರೆ ಮೂರನೆಯದು 0.9602ಕ್ಕಿಂತ ಇಳಿಯುವಂತಿಲ್ಲ. 0.97 ಕೊಟ್ಟು ನೋಡಿ, ತಣ್ಣಗೆ ಓಡುತ್ತದೆ.

ಪ್ರಶ್ನೆ: ಹಾಸನದವರ ಥರದ್ದೇ ಮೇನ್ಸ್ ಟ್ರಾನ್ಸ್‌ಫಾರ್ಮರ್, 10 ಹೆನ್ರಿ, 50 ಓಮ್. ಸೆಕೆಂಡರಿ ಖಾಲಿ. ಪ್ರೈಮರಿ ಕರೆಂಟ್ ಸೊನ್ನೆಯ ಮೇಲೆ ಕೆಳಗೆ ಆಡುವ ಬದಲು ಪೂರ್ತಿ ಮೇಲ್ಗಡೆಯೇ ಕೂತಿದೆ. ಎಸಿ ಕೊಟ್ಟರೆ ಡಿಸಿ ಎಲ್ಲಿಂದ ಬಂತು?
(ಮೆಂಟೆನೆನ್ಸ್ ಟೆಕ್ನಿಷಿಯನ್, ಮಸ್ಕತ್)

ಉತ್ತರ: ಸ್ವಿಚ್ ಹಾಕಿದ ಗಳಿಗೆಯಿಂದ ಬಂತು. ದೊಡ್ಡ ಸ್ಟೆಬಿಲೈಸರ್ ಆನ್ ಮಾಡಿದಾಗ ಒಮ್ಮೆ ಗುಂಯ್ ಅಂದು, ಕೆಲವು ಸಲ ಎಂಸಿಬಿಯೇ ಬಿದ್ದುಹೋಗುತ್ತದಲ್ಲ, ಅದೇ ಇದು. ಸೈನ್ ಅಲೆ ಸೊನ್ನೆಯಿಂದ ಶುರುವಾದರೆ ಮೊದಲ ಅರ್ಧ ಸುತ್ತು ಪೂರ್ತಿ ಕರೆಂಟ್ ಏರುತ್ತಲೇ ಇರುತ್ತದೆ. ಮಾಮೂಲಿಯಾಗಿ ಪೀಕ್ 103 ಮಿಲಿಆಂಪಿಯರ್ ಇರಬೇಕಾದ್ದು ಸೊನ್ನೆಯಿಂದ ಹೆಚ್ಚೂಕಡಿಮೆ 200ರವರೆಗೆ ಹೋಗಿ ಬರುತ್ತದೆ. 10 ಹೆನ್ರಿಯನ್ನು 50 ಓಮ್‌ನಿಂದ ಭಾಗಿಸಿದರೆ 0.2 ಸೆಕೆಂಡ್, ಅಂಥ ನಾಲ್ಕೈದು ಕಳೆಯುವವರೆಗೆ ಕಾದರೆ ತಾನೇ ಕೆಳಗಿಳಿಯುತ್ತದೆ. ನೀವು 40 ಮಿಲಿಸೆಕೆಂಡಿಗೇ ನಿಲ್ಲಿಸಿದ್ದೀರಿ. ಕಾಯುವ ಪುರುಸೊತ್ತಿಲ್ಲದಿದ್ದರೆ ಸೋರ್ಸ್‌ನ ಫೇಸ್ 90 ಡಿಗ್ರಿ ಇಡಿ, ಆದರೆ ಆಗ ಶುರುವಿನ ಕರೆಂಟ್ ಸೊನ್ನೆ ಅಂತಲೇ ಇರಲಿ, ಡಿಸಿ ಪಾಯಿಂಟ್ ಲೆಕ್ಕ ಹಾಕೋದಕ್ಕೆ ಬಿಡಬೇಡಿ.

ಪ್ರಶ್ನೆ: ಕಾಮನ್ ಮೋಡ್ ಚೋಕ್ ಹಾಕಿದ ಮೇಲೆ ನಾಯ್ಸ್ ಹಾಗೇ ಬರುತ್ತಿದೆ, ಲೋಡಿಗೆ ಹೋಗುವ ಕರೆಂಟೇ ನಿಂತುಹೋಗಿದೆ.
(ಬೆಳಗಾವಿ)

ಉತ್ತರ: ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಒಂದು ಇಂಡಕ್ಟರನ್ನು ತಿರುಗಿಸಿ ಕೂರಿಸಿದ್ದೀರಿ. ಎರಡೂ ಚುಕ್ಕಿ ಸಪ್ಲೈ ಕಡೆಗೇ ಇರಬೇಕು. ಆಗ ಲೋಡ್ ಕರೆಂಟ್ ಒಂದರಲ್ಲಿ ಹೋಗಿ ಇನ್ನೊಂದರಲ್ಲಿ ವಾಪಸ್ ಬರುವುದರಿಂದ ಎರಡರ ಫ್ಲಕ್ಸ್ ಒಂದನ್ನೊಂದು ಕೊಲ್ಲುತ್ತವೆ, ಎರಡೂ ತಂತಿಯಲ್ಲಿ ಒಟ್ಟಿಗೆ ಬರುವ ನಾಯ್ಸ್‌ಗೆ ಮಾತ್ರ ಪೂರ್ತಿ ಇಂಡಕ್ಟೆನ್ಸ್ ಅಡ್ಡ ನಿಲ್ಲುತ್ತದೆ. ಇಲ್ಲೂ ಕೆ 1 ಬೇಡ. 10 ಮಿಲಿಹೆನ್ರಿಯ ಚೋಕ್‌ಗೆ 0.995 ಕೊಟ್ಟರೆ ಲೋಡ್ ಕರೆಂಟಿಗೆ 100 ಮೈಕ್ರೋಹೆನ್ರಿ ಉಳಿಯುತ್ತದೆ, ಫಿಲ್ಟರ್ ಮಾಡುವವರು ಅದನ್ನೂ ಬೇಕಂತಲೇ ಉಪಯೋಗಿಸಿಕೊಳ್ಳುತ್ತಾರೆ.

ಪ್ರಶ್ನೆ: ಕೋರ್ ಸ್ಯಾಚುರೇಶನ್ (ಕೋರ್ ಇನ್ನು ಫ್ಲಕ್ಸ್ ಹಿಡಿಯಲಾರದೆ ತುಂಬಿಹೋಗೋದು) ತೋರಿಸಲು ಆಗುತ್ತದೆಯೇ?
(ಮಂಗಳೂರು)

ಉತ್ತರ: ಆಗುತ್ತದೆ, ಸ್ವಲ್ಪ ಸುತ್ತುಬಳಸು. ಸಾಮಾನ್ಯ ಇಂಡಕ್ಟರ್‌ಗೆ ನೂರು ಆಂಪಿಯರ್ ಹರಿಸಿದರೂ ಸ್ಯಾಚುರೇಟ್ ಆಗಲ್ಲ. ಎಲ್‌ಟಿಸ್ಪೈಸ್‌ನಲ್ಲಿ ಚಾನ್ ಮಾದರಿಯ ಇಂಡಕ್ಟರ್ ಇದೆ, ಫೆರೈಟ್ ಡೇಟಾಶೀಟಿನ ಅಂಕಿಗಳು, ಕೋರ್‌ನ ಉದ್ದ, ಅಡ್ಡಕೊಯ್ತದ ವಿಸ್ತೀರ್ಣ, ಗ್ಯಾಪ್, ಸುತ್ತು ಕೊಡಬೇಕು. ಅದನ್ನು ಕೆ ಸಾಲಿಗೆ ಸೇರಿಸಬೇಡಿ. ಪ್ರೈಮರಿಗೆ ಪ್ಯಾರಲಲ್ ಆಗಿ ಬೇರೆಯೇ ಹಾಕಿ. ಕೆ ಸಾಲಿನ ಇಂಡಕ್ಟರ್‌ಗಳನ್ನು ನೂರು ಪಟ್ಟು ದೊಡ್ಡದು ಮಾಡಿ ಕೆ 1 ಇಡಿ, ಲೀಕೇಜನ್ನು ಸೀರೀಸ್‌ನಲ್ಲಿ ಇನ್ನೊಂದು ಸಣ್ಣ ಇಂಡಕ್ಟರ್ ಆಗಿ ಕೊಡಿ. ಮೈಸೂರಿನವರಿಗೆ 1 ಬೇಡ ಅಂದವನು ಇಲ್ಲಿ ಇಡಿ ಅಂತಿದ್ದೀನಲ್ಲ ಅಂತ ಜಗಳಕ್ಕೆ ಬರಬೇಡಿ. ಲೀಕೇಜನ್ನು ಕೈಯಾರೆ ಹೊರಗೆ ಹಾಕಿದ ಮೇಲೆ ಒಳಗೂ ಇಟ್ಟರೆ ಎರಡು ಸಲ ಲೆಕ್ಕಕ್ಕೆ ಬರುತ್ತದೆ.

ಪ್ರಶ್ನೆ: ಎರಡು ವೈಂಡಿಂಗ್ ಸೀರೀಸ್ ಮಾಡಿ, ಒಂದನ್ನು ತಿರುಗಿಸಿ ಮತ್ತೆ ಸೀರೀಸ್ ಮಾಡಿ ಅಳೆಯುವ ವಿಧಾನದಲ್ಲಿ ಕೆ 1.02 ಬಂದಿದೆ. ಒಂದಕ್ಕಿಂತ ಜಾಸ್ತಿ ಆಗಬಾರದು ಅಲ್ವಾ?
(ಡಿಪ್ಲೊಮಾ ವಿದ್ಯಾರ್ಥಿನಿ, ಶಿವಮೊಗ್ಗ)

ಉತ್ತರ: ಆಗಬಾರದು. ನಿಮ್ಮ ಕೆ ನಿಜಕ್ಕೂ 0.99 ಸುತ್ತಮುತ್ತ ಇರಬೇಕು, ಮೀಟರಿನ ಎರಡು ಮೂರು ಪರ್ಸೆಂಟ್ ತಪ್ಪು ಅದನ್ನು 1ರ ಆಚೆಗೆ ತಳ್ಳಿದೆ. ಕೆಲವು ಮೀಟರ್ ಇಂಡಕ್ಟೆನ್ಸ್ ದೊಡ್ಡದಾದರೆ ತಾನಾಗೇ ಬೇರೆ ಫ್ರೀಕ್ವೆನ್ಸಿಗೆ ಹೋಗುತ್ತವೆ, ಅದನ್ನೂ ನೋಡಿಕೊಳ್ಳಿ, ನಾಲ್ಕು ಅಳತೆಯೂ ಒಂದೇ ಫ್ರೀಕ್ವೆನ್ಸಿಯಲ್ಲಿ ಆಗಬೇಕು. ಗಟ್ಟಿಯಾಗಿ ಜೋಡಿಯಾದ ಕಾಯಿಲ್‌ಗಳಿಗೆ ಮೈಸೂರಿನವರಿಗೆ ಹೇಳಿದ ಶಾರ್ಟ್ ಮಾಡುವ ವಿಧಾನವೇ ಒಳ್ಳೆಯದು. ನಿಮ್ಮ ಸೀರೀಸ್ ವಿಧಾನ ಸಡಿಲ ಜೋಡಿಗೆ ಲಾಯಕ್ಕು, ವೈರ್‌ಲೆಸ್ ಚಾರ್ಜರ್ ಕಾಯಿಲ್‌ಗಳ ಥರದ್ದಕ್ಕೆ. ಉದಾಹರಣೆಗೆ ಎರಡೂ 24 ಮೈಕ್ರೋಹೆನ್ರಿಯ ಕಾಯಿಲ್. ಒಂದು ರೀತಿ ಜೋಡಿಸಿದರೆ 60, ತಿರುಗಿಸಿ ಜೋಡಿಸಿದರೆ 36. ವ್ಯತ್ಯಾಸ 24, ಅದರ ಕಾಲುಭಾಗ 6, ಅದು ಮ್ಯೂಚುಯಲ್ ಇಂಡಕ್ಟೆನ್ಸ್. 6ನ್ನು 24ರಿಂದ ಭಾಗಿಸಿ, ಕೆ 0.25. ಅಳತೆ ಸರಿಯಿದೆಯಾ ಅಂತ ನೋಡೋಕೆ 60 ಮತ್ತು 36 ಕೂಡಿಸಿ, 96. ಬಿಡಿ ಕಾಯಿಲ್‌ಗಳ ಮೊತ್ತ 48, ಅದರ ಎರಡು ಪಟ್ಟು 96. ಇವೆರಡು ಹೊಂದಿಕೆಯಾಗದಿದ್ದರೆ ಕೆ ಲೆಕ್ಕ ಹಾಕೋಕೂ ಹೋಗಬೇಡಿ, ಮತ್ತೆ ಅಳೆಯಿರಿ. ನಿಮ್ಮ ನಾಲ್ಕೂ ಅಂಕಿ ಬರೆದು ಕಳಿಸಿ, ಮುಂದಿನ ಸಂಚಿಕೆಗೆ ನೋಡೋಣ.